ಗ್ರಹಣದ ಫೋಟೊಗೆ ಎನ್‌ಡಿ 1000 ಸಾಲದು

ಸೂರ್ಯಗ್ರಹಣ ತೆಗೆಯಲು ಫಿಲ್ಟರ್ ಕೊಳ್ಳುವವರು ಡಬ್ಬಿಯ ಮೇಲೆ ಎನ್‌ಡಿ 100000 ಅಥವಾ ಡೆನ್ಸಿಟಿ 5.0 ಎಂದಿದೆಯೇ ನೋಡಿ. ಎನ್‌ಡಿ ಅಂದರೆ ಬಣ್ಣ ಕೆಡಿಸದೆ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್, ಡೆನ್ಸಿಟಿ ಅದರ ದಟ್ಟತೆಯ ಅಳತೆ. ಜಲಪಾತಕ್ಕೆ ಬಳಸುವ ಎನ್‌ಡಿ 1000 ಬೇಡ. ಅದು ಬೆಳಕಿನ ಸಾವಿರದಲ್ಲೊಂದು ಪಾಲು ಬಿಡುತ್ತದೆ, ಸೂರ್ಯನಿಗೆ ಬೇಕಾದದ್ದು ಲಕ್ಷದಲ್ಲೊಂದು. ಎರಡು ಮೂರು ಎನ್‌ಡಿ ಒಂದರ ಮೇಲೊಂದು ಹಾಕಿದರೆ ಚಿತ್ರ ಕಪ್ಪಾಗಿ ಕಂಡರೂ ಕಣ್ಣಿಗೆ ಕಾಣದ ಅವಕೆಂಪು ಕಿರಣ ಒಳನುಗ್ಗಬಹುದು. ಡೆನ್ಸಿಟಿ 3.8 ಹಾಳೆ ಫೋಟೊಗಷ್ಟೇ, ಅದರಲ್ಲಿ ಕಣ್ಣಿಟ್ಟು ನೋಡಬಾರದು. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಮಾತೇ ಬೇಡ. ಫಿಲ್ಟರ್ ಯಾವಾಗಲೂ ಲೆನ್ಸಿನ ಮುಂದೆಯೇ ಇರಲಿ. ಹಿಂದೆ ಇಟ್ಟರೆ ಲೆನ್ಸ್ ಕೂಡಿಸಿದ ಬಿಸಿಗೆ ಅದು ಸುಟ್ಟೋ ಸೀಳಿಯೋ ಹೋಗುತ್ತದೆ. ಹಾಳೆಯ ಫಿಲ್ಟರ್ ಆದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೂ ಎಸೆಯಿರಿ. ಕಾರವಾರದ ಕಡಲತೀರದ ಗಾಳಿಗೆ ಸಡಿಲವಾಗಿ ಕೂತ ಫಿಲ್ಟರ್ ಹಾರುವುದು ಗ್ಯಾರಂಟಿ, ಸುತ್ತ ಟೇಪ್ ಹಾಕಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಶಟರ್ 1/400 ಸೆಕೆಂಡಿನಿಂದ ಶುರುಮಾಡಿ, ಹಿಂದಿನ ದಿನದ ಸೂರ್ಯನ ಮೇಲೇ ಫೋಕಸ್ ಪರೀಕ್ಷಿಸಿ. ಸಂಜೆ ಸೂರ್ಯ ಸಮುದ್ರದತ್ತ ಇಳಿದಾಗ ಶಟರ್ ವೇಗ ಕಡಿಮೆ ಮಾಡಬೇಕು. 2027ರ ಆಗಸ್ಟ್ 2ರ ಗ್ರಹಣ ನಮ್ಮಲ್ಲಿ ಪಾರ್ಶ್ವ ಮಾತ್ರ, ಸೂರ್ಯ ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ಒಂದು ಕ್ಷಣವೂ ಫಿಲ್ಟರ್ ತೆಗೆಯುವಂತಿಲ್ಲ. ಈ ಉಪಾಯ ಸೋಲುವುದು ಮೋಡದ ಮುಂದೆ: ಆಗಸ್ಟ್ ಅಂದರೆ ಮಳೆಗಾಲ, ಶಿರಸಿ ಘಟ್ಟದ ಮೇಲಂತೂ ಕೇಳುವುದೇ ಬೇಡ. ತೆಳುಮೋಡದಲ್ಲಿ ಪರದೆ ಪೂರ್ತಿ ಕಪ್ಪಾದರೆ ಐಎಸ್‌ಒ ಏರಿಸಿ, ಫಿಲ್ಟರ್ ಕಳಚಬೇಡಿ. ಮೋಡ ಸರಿಯಲು ಒಂದು ಸೆಕೆಂಡು ಸಾಕು.