ಮೊದಲ ಸೋಲನ್ನು ಆರಿಸಿಕೊಳ್ಳುವುದು ಹೇಗೆ: ಇತಿಹಾಸದ ಗ್ರ್ಯಾಂಡ್ ಸ್ಟ್ರಾಟೆಜಿ ಆಟಗಳಿಗೆ ಹೊಸಬರಾದವರಿಗೆ

ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕ. ಹಗಲೆಲ್ಲ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುತ್ತೇನೆ, ರಾತ್ರಿ ಕೂತು ನನ್ನದೇ ಸಾಮ್ರಾಜ್ಯದ ಲೆಕ್ಕ ಕೆಡಿಸುತ್ತೇನೆ. ಗ್ರ್ಯಾಂಡ್ ಸ್ಟ್ರಾಟೆಜಿ ಅಂದರೆ ಇಡೀ ದೇಶವನ್ನೋ ರಾಜವಂಶವನ್ನೋ ವರ್ಷಗಟ್ಟಲೆ ನಡೆಸುವ ಕಂಪ್ಯೂಟರ್ ಆಟ. ಈ ಗೀಳು ಗೊತ್ತಿರುವ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಸುಲಭದ ಆಟ ಯಾವುದು?"

ಸುಲಭದ್ದು ಯಾವುದೂ ಇಲ್ಲ. ಎಲ್ಲದರಲ್ಲೂ ನೂರಾರು ಗುಂಡಿಗಳು, ಬಣ್ಣಬಣ್ಣದ ನಕ್ಷೆಗಳು, ಮೇಲಿನ ಪಟ್ಟಿಯಲ್ಲಿ ಮಿನುಗುವ ಎಚ್ಚರಿಕೆಗಳು ಇದ್ದೇ ಇರುತ್ತವೆ. ಹೊಸಬರನ್ನು ಓಡಿಸುವುದು ಗುಂಡಿಗಳಲ್ಲ. ತಪ್ಪು ಮಾಡಿದ ಗಳಿಗೆಗೂ ಅದರ ಏಟು ಬೀಳುವ ಗಳಿಗೆಗೂ ಇರುವ ಅಂತರ ಓಡಿಸುತ್ತದೆ. ಏಟು ತಕ್ಷಣ ಬಿದ್ದರೆ ಪಾಠ ಕಲಿಯುತ್ತೀರಿ. ಇಪ್ಪತ್ತು ವರ್ಷ ಬಿಟ್ಟು ಬಿದ್ದರೆ "ಈ ಆಟಕ್ಕೆ ತಲೆಬುಡ ಇಲ್ಲ" ಅಂತ ಎದ್ದು ಹೋಗುತ್ತೀರಿ. ಹಾಗಾಗಿ ನಾನು ತಿರುಗಿ ಕೇಳುವುದು: ನಿಮಗೆ ಯಾವ ಥರದ ಸೋಲು ಅರ್ಥವಾಗುತ್ತದೆ?

ನನ್ನ ಮೊದಲ ಸೋಲು ಅರ್ಥವೇ ಆಗಿರಲಿಲ್ಲ. ಆಟ ಯೂರೋಪಾ ಯೂನಿವರ್ಸಾಲಿಸ್ 4, 2013ರದ್ದು. ಕಥೆ ಶುರುವಾಗುವುದು 1444ರ ನವೆಂಬರ್ 11ಕ್ಕೆ, ಮುಗಿಯುವುದು 1821ಕ್ಕೆ. ನಾನು ಬ್ರಾಂಡೆನ್‌ಬರ್ಗ್ ಎಂಬ ಜರ್ಮನ್ ರಾಜ್ಯ ಆರಿಸಿಕೊಂಡೆ. ಮುಂದೆ ಪ್ರಶ್ಯಾ ಆಗುತ್ತದೆ ಅಂತ ಓದಿದ್ದೆನಲ್ಲ, ಅದೇ ಹುಮ್ಮಸ್ಸು. ಮೂರು ಯುದ್ಧ ಮಾಡಿದೆ, ಮೂರೂ ಗೆದ್ದೆ, ಸುತ್ತಲಿನ ಸಣ್ಣ ರಾಜ್ಯಗಳನ್ನು ನುಂಗಿದೆ. 1460ರ ದಶಕದಲ್ಲಿ ಒಂದು ದಿನ ಹನ್ನೆರಡು ದೇಶಗಳು ಒಟ್ಟಾಗಿ ನನ್ನ ಮೇಲೆ ಬಿದ್ದವು. ಅವುಗಳಲ್ಲಿ ಅರ್ಧದ ಜೊತೆ ನಾನು ಒಮ್ಮೆಯೂ ಮಾತಾಡಿರಲಿಲ್ಲ.

ಆಗಿದ್ದಿಷ್ಟು. ಈ ಆಟದಲ್ಲಿ ಭೂಮಿ ಕಿತ್ತುಕೊಂಡಾಗಲೆಲ್ಲ ಸುತ್ತಲಿನವರ ಮನಸ್ಸಿನಲ್ಲಿ 'ಅಗ್ರೆಸಿವ್ ಎಕ್ಸ್‌ಪಾನ್ಶನ್' (ಆಕ್ರಮಣದ ವಿಸ್ತರಣೆ) ಎಂಬ ಅಂಕ ಏರುತ್ತದೆ. ಒಂದು ದೇಶದ ಮಟ್ಟಿಗೆ ಅದು 50 ದಾಟಿದರೆ, ನಿಮ್ಮ ವಿರುದ್ಧದ ಒಕ್ಕೂಟಕ್ಕೆ ಆ ದೇಶ ಸೇರಬಹುದು. ಬ್ರಾಂಡೆನ್‌ಬರ್ಗ್‌ನಂಥ ಜರ್ಮನ್ ರಾಜ್ಯಗಳಿರುವ ಪವಿತ್ರ ರೋಮನ್ ಸಾಮ್ರಾಜ್ಯದ ಒಳಗೆ ಭೂಮಿ ಕಿತ್ತರಂತೂ ಅಂಕ ಇನ್ನೂ ಜೋರಾಗಿ ಏರುತ್ತದೆ, ಚಕ್ರವರ್ತಿ ಬೇರೆ "ಅಕ್ರಮವಾಗಿ ಹಿಡಿದ ಪ್ರಾಂತ್ಯ ಬಿಟ್ಟುಕೊಡು" ಅಂತ ಕೇಳುತ್ತಾನೆ. ಇದೆಲ್ಲ ತೆರೆಯ ಮೇಲೆ ಇತ್ತು. ಶಾಂತಿ ಒಪ್ಪಂದದ ಕಿಟಕಿಯಲ್ಲಿ ಮೌಸ್ ಇಟ್ಟಿದ್ದರೆ ಯಾರು ಯಾರು ಸಿಟ್ಟಾಗುತ್ತಾರೆ ಅಂತ ಪಟ್ಟಿಯೇ ಕಾಣುತ್ತಿತ್ತು. ನಾನು ಇಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಇಲ್ಲಿ ಉಣ್ಣುವ ಹೊತ್ತಿಗೆ ಮಾಡಿದ್ದು ಮರೆತೇ ಹೋಗಿರುತ್ತದೆ.

ಆದರೂ ಇದನ್ನು ಬೇಡ ಅನ್ನುವುದಿಲ್ಲ. ನಕ್ಷೆಯಲ್ಲಿ ನಿಮ್ಮ ಬಣ್ಣ ಹರಡುವುದನ್ನು ನೋಡುವ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಪೋರ್ಚುಗಲ್ ಹಿಡಿಯಿರಿ, ಬ್ರಾಂಡೆನ್‌ಬರ್ಗ್ ಅಲ್ಲ. ಯುರೋಪಿನಲ್ಲಿ ನೆಲದ ಗಡಿ ಕ್ಯಾಸ್ಟೀಲ್ (ಇಂದಿನ ಸ್ಪೇನಿನ ದೊಡ್ಡ ಭಾಗ) ಒಂದರ ಜೊತೆ ಮಾತ್ರ. ಅದನ್ನು ಗೆಳೆಯನನ್ನಾಗಿ ಇಟ್ಟುಕೊಂಡರೆ ಬೆನ್ನು ಸುರಕ್ಷಿತ, ಮುಂದೆ ಇಡೀ ಸಾಗರ. ಹೊಡೆದಾಟವೇ ಬೇಕು ಅನ್ನುವವರಿಗೆ ಒಟ್ಟೋಮನ್. ಆರಂಭದಲ್ಲಿ ತಪ್ಪು ಮಾಡಿದರೂ ಅದು ತಡೆದುಕೊಳ್ಳುತ್ತದೆ. ವಿಜಯನಗರವೂ ನಕ್ಷೆಯಲ್ಲಿದೆ, ಬಹಮನಿಯ ಪಕ್ಕದಲ್ಲೇ. ಅಭಿಮಾನದಿಂದ ಮೊದಲ ಆಟಕ್ಕೇ ಅದನ್ನು ಹಿಡಿಯಬೇಡಿ, ಮೂರನೆಯದಕ್ಕೆ ಇಟ್ಟುಕೊಳ್ಳಿ.

ಈ ಆಟದ ಜೀವ ಇರುವುದು ಆಡಳಿತ, ರಾಜತಂತ್ರ, ಸೇನೆ ಎಂಬ ಮೂರು ಬಗೆಯ ಅಂಕಗಳಲ್ಲಿ. ಗೆದ್ದ ಪ್ರಾಂತ್ಯವನ್ನು ಸ್ವಂತದ್ದಾಗಿ ಮಾಡಿಕೊಳ್ಳಲು ಆಡಳಿತದ ಅಂಕ ಬೇಕು, ಆಡಳಿತದ ತಂತ್ರಜ್ಞಾನಕ್ಕೂ ಅದೇ ಬೇಕು. ಅಂದರೆ ಪ್ರತಿ ಗೆಲುವೂ ನಾಳಿನ ಸುಧಾರಣೆಯಿಂದ ತೆಗೆದ ಸಾಲ. ಇಷ್ಟು ಹಿಡಿತಕ್ಕೆ ಬಂದರೆ ಅರ್ಧ ಆಟ ಬಂದ ಹಾಗೆ. ವ್ಯಾಪಾರದ ಜಾಲವನ್ನು ಮೊದಲ ಆಟದಲ್ಲಿ ಮುಟ್ಟಲೇಬೇಡಿ. ಧೂಮಕೇತು ಕಾಣಿಸಿಕೊಂಡಿತು ಎಂಬ ಸಂದೇಶ ಬಂದರೆ ಗಾಬರಿ ಬೇಡ. ಅದರ ಕೆಳಗೆ ಕೊಟ್ಟ ಉತ್ತರಗಳಲ್ಲಿ ಯಾವುದನ್ನು ಒತ್ತಿದರೂ ದೇಶದ ಸ್ಥಿರತೆ ಒಂದು ಅಂಕ ಇಳಿಯುತ್ತದೆ. ಅದು ಆಟ ಮಾಡಿದವರ ತಮಾಷೆ.

ನನ್ನ ತಂಗಿಗೆ ನಕ್ಷೆ ಅಂದರೆ ಆಕಳಿಕೆ. ಅವಳಿಗೆ ಕೊಟ್ಟಿದ್ದು ಕ್ರುಸೇಡರ್ ಕಿಂಗ್ಸ್ 3. ಇದು 2020ರದ್ದು. ಇಲ್ಲಿ ನೀವು ದೇಶ ಅಲ್ಲ, ಒಬ್ಬ ಮನುಷ್ಯ. ಅವನು ಸತ್ತರೆ ಅವನ ವಾರಸುದಾರ ನೀವಾಗುತ್ತೀರಿ. ವಂಶದಲ್ಲಿ ವಾರಸುದಾರರೇ ಇಲ್ಲದಾಗ ಆಟ ಮುಗಿಯಿತು. 867, 1066 ಅಥವಾ 1178ರಿಂದ ಶುರು ಮಾಡಬಹುದು, ಕೊನೆ 1453. ಹೊಸಬರಿಗೆ 1066. ಆಟವೇ ಪಾಠಕ್ಕಾಗಿ ನಿಮ್ಮನ್ನು ಐರ್ಲೆಂಡಿನ ಮನ್ಸ್ಟರ್‌ನ ಕಿರುದೊರೆ ಮರ್ಚಡ್‌ನ ಜಾಗದಲ್ಲಿ ಕೂರಿಸುತ್ತದೆ. ನೆರೆಯವರೆಲ್ಲ ನಿಮ್ಮಷ್ಟೇ ಬಡವರು, ದೊಡ್ಡ ಶತ್ರುಗಳು ಸಮುದ್ರದಾಚೆ.

ತಂಗಿ ಎರಡು ರಾತ್ರಿಯಲ್ಲಿ ಐರ್ಲೆಂಡಿನ ದಕ್ಷಿಣ ಭಾಗ ಹಿಡಿದಳು. ಮರ್ಚಡ್ ಸತ್ತ. ಕಷ್ಟಪಟ್ಟು ಕಟ್ಟಿದ ರಾಜ್ಯ ಕಣ್ಣೆದುರೇ ಪಾಲಾಯಿತು: ಹಿರಿಯ ಮಗನಿಗೆ ಮನ್ಸ್ಟರ್, ಕಿರಿಯವನಿಗೆ ಲೆನ್‌ಸ್ಟರ್, ಮತ್ತು ಆ ಕಿರಿಯವನು ಈಗ ಸ್ವತಂತ್ರ ದೊರೆ. ಅವಳು ಕೂಗಿದ ಕೂಗಿಗೆ ನಾನು ಪಕ್ಕದ ಕೋಣೆಯಿಂದ ಓಡಿಬಂದೆ. ಆದರೆ ನೋಡಿ, ಅವಳಿಗೆ ಕಾರಣ ವಿವರಿಸಬೇಕಾಗಲಿಲ್ಲ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವುದು ಯಾರಿಗೆ ಗೊತ್ತಿಲ್ಲ? ಅದಕ್ಕೇ ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಈ ಆಟವನ್ನೇ. ಏಟು ತಡವಾಗಿಯೇ ಬೀಳುತ್ತದೆ, ಆದರೆ ಅದಕ್ಕೊಂದು ಮುಖ ಇರುತ್ತದೆ, ಹೆಸರಿರುತ್ತದೆ, ಅದು ನಿಮ್ಮ ಮಗನೇ ಆಗಿರುತ್ತಾನೆ.

ಪರಿಹಾರವೂ ಇದೆ. ಆರಂಭದ ವಾರಸು ಕಾನೂನು ಎಲ್ಲ ಮಕ್ಕಳಿಗೂ ಹಂಚುತ್ತದೆ. ನಿಮ್ಮ ಬಳಿ ಎರಡು ಡಚಿಗಳಿದ್ದು (ಮನ್ಸ್ಟರ್, ಲೆನ್‌ಸ್ಟರ್‌ನಂಥ, ಕೌಂಟಿ ಎಂಬ ಸಣ್ಣ ಜಿಲ್ಲೆಗಳು ಸೇರಿದ ಸೀಮೆಗಳು) ಮೇಲೆ ರಾಜ ಪದವಿ ಇಲ್ಲದಿದ್ದರೆ ಕಿರಿಯವನು ಕೈತಪ್ಪುತ್ತಾನೆ. ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಕೌಂಟಿಗಳು ಕೈಗೆ ಬಂದೊಡನೆ ಚಿನ್ನ ಕೂಡಿಟ್ಟು ರಾಜ ಪದವಿ ಸೃಷ್ಟಿಸಿ. ಆಗಲೂ ತಮ್ಮನಿಗೆ ಪಾಲು ಸಿಗುತ್ತದೆ, ಆದರೆ ಅಣ್ಣನ ಸಾಮಂತನಾಗಿ. ಎರಡನೆಯ ಸುತ್ತಿನಲ್ಲಿ ತಂಗಿ ಹೀಗೇ ಮಾಡಿದಳು. ಆಮೇಲೆ ಆ ತಮ್ಮ ದಂಗೆಯೆದ್ದದ್ದು ಬೇರೆ ಕಥೆ.

ಇನ್ನೊಂದು ಕಿವಿಮಾತು: ನಿಮ್ಮ ದೊರೆಯ ಸ್ವಭಾವ ನೋಡಿ ಆಡಿ. ದಯಾಳು ಎಂಬ ಗುಣವಿರುವವನ ಕೈಯಲ್ಲಿ ಕೈದಿಯ ತಲೆ ಕಡಿಸಿದರೆ ಅವನ ಒತ್ತಡ ಏರುತ್ತದೆ. ಒತ್ತಡ ಹದ್ದುಮೀರಿದರೆ ಅವನು ಕುಡಿತಕ್ಕೋ ಇನ್ನಾವುದಕ್ಕೋ ಬೀಳಬಹುದು. ಹೆಚ್ಚು ಲಾಭದ ಆಯ್ಕೆ ಯಾವುದು ಅಂತ ಹುಡುಕುವ ಬದಲು ಈ ಮನುಷ್ಯ ಏನು ಮಾಡುತ್ತಿದ್ದ ಅಂತ ಕೇಳಿಕೊಂಡರೆ ಆಟವೇ ಕೈಹಿಡಿದು ನಡೆಸುತ್ತದೆ. ಹೆಣ್ಣುಮಕ್ಕಳ, ಗಂಡುಮಕ್ಕಳ ಮದುವೆಯನ್ನು ಬಲವಾದ ಮನೆತನದಲ್ಲಿ ಮಾಡಿ, ಅದರಿಂದ ಮೈತ್ರಿ ಸಿಗುತ್ತದೆ. ಸೈನ್ಯದ ವಿಧಗಳನ್ನು ಲೆಕ್ಕ ಹಾಕುತ್ತ ಕೂರಬೇಡಿ. ಮೈತ್ರಿ ಮಾಡಿಕೊಂಡ ಬೀಗರ ಸೈನ್ಯವೇ ಮೊದಲ ಮೂವತ್ತು ವರ್ಷಕ್ಕೆ ಸಾಕು.

ಈಗ ನನ್ನ ಪಕ್ಷಪಾತಕ್ಕೆ ಬರುತ್ತೇನೆ. ವಿಕ್ಟೋರಿಯಾ 3, 2022ರದ್ದು, 1836ರಿಂದ 1936ರವರೆಗಿನ ನೂರು ವರ್ಷ. ಯುದ್ಧ ಮಾಡಬೇಕೆಂದು ಬಂದವರು ಇದನ್ನು ಬೈದು ಹೋಗುತ್ತಾರೆ, ಯಾಕೆಂದರೆ ಸೈನ್ಯವನ್ನು ನೀವೇ ಹೆಜ್ಜೆಹೆಜ್ಜೆಗೆ ಓಡಿಸುವಂತಿಲ್ಲ. ದಂಡನಾಯಕನನ್ನು ರಣರಂಗಕ್ಕೆ ಕಳಿಸಿ ಕಾಯಬೇಕು. ಆದರೆ ಲೆಕ್ಕಪುಸ್ತಕ ಅಂದರೆ ಖುಷಿ ಪಡುವ ನನ್ನಂಥವರಿಗೆ ಇದು ಹಬ್ಬ. ಪ್ರತಿ ಸರಕಿಗೂ ಮೂಲಬೆಲೆ ಇದೆ. ಬೇಡಿಕೆ, ಪೂರೈಕೆ ನೋಡಿ ಬೆಲೆ ಅದರ ಮೇಲೆ ಕೆಳಗೆ ಶೇಕಡಾ 75ರವರೆಗೆ ಓಡಾಡುತ್ತದೆ. ಕಬ್ಬಿಣ ತುಟ್ಟಿಯಾಗಿದೆಯೇ? ಗಣಿ ಕಟ್ಟಿ. ಗಣಿಗೆ ಉಪಕರಣ ಬೇಕು, ಉಪಕರಣ ತುಟ್ಟಿಯಾಯಿತು. ಉಪಕರಣದ ಕಾರ್ಖಾನೆ ಕಟ್ಟಿ. ಅದಕ್ಕೆ ಮರ ಬೇಕು, ಕಬ್ಬಿಣವೂ ಬೇಕು, ಮತ್ತೆ ಮೊದಲಿಗೇ ಬಂದಿರಿ. ಈ ಸರಪಳಿಯನ್ನು ಒಂದು ಸಂಜೆ ಹಿಂಬಾಲಿಸಿದರೆ ಆಟ ಅರ್ಥವಾಯಿತು ಅಂತಲೇ ಲೆಕ್ಕ. ಏಟೂ ಬೇಗ ಬೀಳುತ್ತದೆ: ತಪ್ಪು ಕಟ್ಟಡ ಕಟ್ಟಿದರೆ ಬಹಳ ಕಾಯಬೇಕಿಲ್ಲ, ವಾರದ ಲೆಕ್ಕದ ಕೆಂಪು ಅಂಕಿಯೇ ಹೇಳುತ್ತದೆ.

ಬೆಲ್ಜಿಯಂ ಆರಿಸಿಕೊಳ್ಳಿ. ಚಿಕ್ಕ ದೇಶ, ಕಲ್ಲಿದ್ದಲು, ಕಬ್ಬಿಣ ಎರಡೂ ಮನೆಯಲ್ಲೇ ಇವೆ. ನಾನು ಮಾತ್ರ ಬೆಲ್ಜಿಯಂನಲ್ಲೂ ಎಡವಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದು ನನ್ನ ವೃತ್ತಿಯ ಮಂತ್ರ. ಹದಿನೈದು ವರ್ಷ ಉಳಿತಾಯ ಮಾಡಿ ಖಜಾನೆ ತುಂಬಿಸಿದೆ. ಅಷ್ಟರಲ್ಲಿ ನೆರೆಯವರೆಲ್ಲ ಸಾಲ ಮಾಡಿ ಕಾರ್ಖಾನೆ ಕಟ್ಟಿ ನನ್ನನ್ನು ಹಿಂದೆ ಹಾಕಿದ್ದರು. ಇಲ್ಲಿ ಸುಮ್ಮನೆ ಬಿದ್ದಿರುವ ಚಿನ್ನ ಅಂದರೆ ಕಟ್ಟದೆ ಉಳಿದ ಕಾರ್ಖಾನೆ. ಸಾಲದ ಮಿತಿಯ ಮೇಲೆ ಕಣ್ಣಿಟ್ಟು, ಸ್ವಲ್ಪ ಕೊರತೆಯಲ್ಲೇ ಕಟ್ಟುತ್ತ ಹೋಗಬೇಕು. ನಲವತ್ತು ದಾಟಿದ ಆಡಿಟರ್‌ಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ.

ಎರಡನೆಯ ಆಟಕ್ಕೆ ರಷ್ಯಾ ಹಿಡಿದು, ಬಂದವನೇ ಜೀತಪದ್ಧತಿ ರದ್ದು ಮಾಡಲು ಹೊರಟೆ. ಜಮೀನ್ದಾರರ ಬಣ ಅರ್ಧ ದೇಶವನ್ನೇ ನನ್ನ ವಿರುದ್ಧ ಎಬ್ಬಿಸಿತು. ಪಾಠ ಇಷ್ಟೇ: ಕಾನೂನು ಬದಲಿಸುವ ಮೊದಲು ಆ ಕಾನೂನಿನಿಂದ ಯಾರ ಹೊಟ್ಟೆ ತುಂಬುತ್ತಿದೆ ನೋಡಿ. ಕಾರ್ಖಾನೆಗಳು ಬೆಳೆದ ಹಾಗೆ ಉದ್ಯಮಿಗಳ ಬಲ ಏರುತ್ತದೆ, ಜಮೀನ್ದಾರರದ್ದು ಇಳಿಯುತ್ತದೆ. ಆಗ ಅದೇ ಕಾನೂನು ಅಷ್ಟು ರಂಪವಿಲ್ಲದೆ ಪಾಸಾಗುತ್ತದೆ.

ಹಾರ್ಟ್ಸ್ ಆಫ್ ಐರನ್ 4ರ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಇದರಲ್ಲಿ ನನ್ನ ಕೈ ಅಷ್ಟಕ್ಕಷ್ಟೇ. 2016ರ ಆಟ, ಎರಡನೆಯ ಮಹಾಯುದ್ಧ, 1936ರ ಜನವರಿ 1ರಿಂದ ಶುರು. ಏಟು ಇದರಲ್ಲೇ ಎಲ್ಲಕ್ಕಿಂತ ಬೇಗ: ಬೆಳಿಗ್ಗೆ ಮಾಡಿದ ತಪ್ಪಿಗೆ ಸಂಜೆಗೆ ಒಂದು ಸೈನ್ಯವೇ ಸುತ್ತುವರಿದು ಸಿಕ್ಕಿಬೀಳುತ್ತದೆ. ಪಾಠದ ಆಟ ಇಟಲಿಯದ್ದು, ಇಥಿಯೋಪಿಯಾ ಯುದ್ಧದ ನಡುವೆ. ಒಂದು ಸಂಜೆ ಅದನ್ನು ಆಡಿ, ರಣರೇಖೆ ಎಳೆಯುವುದು, ದಾಳಿಯ ಬಾಣ ಬಿಡುವುದು ಕಲಿಯಿರಿ. ಆಮೇಲೆ ಹೆಚ್ಚಿನವರು ಜರ್ಮನಿ ಹಿಡಿಯುತ್ತಾರೆ. ನಾಜಿ ಜರ್ಮನಿಯಾಗಿ ಆಡಲು ಮನಸ್ಸು ಒಪ್ಪದಿದ್ದರೆ, ನನಗೂ ಒಪ್ಪಲಿಲ್ಲ, ಕೆನಡಾ ಹಿಡಿಯಿರಿ. ಬ್ರಿಟನ್ನಿನ ನೆರಳಲ್ಲಿ ನಿಂತು ಸಣ್ಣ ಸೈನ್ಯವನ್ನು ಅಚ್ಚುಕಟ್ಟಾಗಿ ನಡೆಸಬಹುದು. ಹೊಸಬರ ಮಾಮೂಲಿ ತಪ್ಪು: ಕಾರ್ಖಾನೆ ಮಾಡುವ ಬಂದೂಕಿಗಿಂತ ಹೆಚ್ಚು ತುಕಡಿಗಳನ್ನು ಹುಟ್ಟಿಸುವುದು. ಬರಿಗೈ ಸೈನಿಕರು ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತಾರೆ, ಅಷ್ಟೇ. ಉತ್ಪಾದನೆಯ ಸಾಲುಗಳನ್ನು ಪದೇ ಪದೇ ಬದಲಿಸಬೇಡಿ, ಗಳಿಸಿದ ದಕ್ಷತೆ ಕಳೆದುಹೋಗುತ್ತದೆ. ನೌಕಾಪಡೆಯನ್ನು ಮೊದಲ ಆಟದಲ್ಲಿ ದೇವರಿಗೆ ಬಿಡಿ.

2025ರ ನವೆಂಬರಿನಲ್ಲಿ ಬಂದ ಯೂರೋಪಾ ಯೂನಿವರ್ಸಾಲಿಸ್ 5 ಶುರುವಾಗುವುದು 1337ರಿಂದ. ಕೆಲವೇ ವರ್ಷಗಳಲ್ಲಿ ಕಪ್ಪು ಮರಣ ಎಂಬ ಪ್ಲೇಗ್ ಬಂದು ಜನರನ್ನು ಗುಡಿಸಿಕೊಂಡು ಹೋಗುತ್ತದೆ. ವಿಕ್ಟೋರಿಯಾದ ಹಾಗೆ ಇಲ್ಲೂ ಜನಸಂಖ್ಯೆ, ಕಟ್ಟಡ, ಮಾರುಕಟ್ಟೆ ಎಲ್ಲ ಇವೆ. ಬೇಕಾದ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಬಹುದು ಅನ್ನುವುದು ಹೊಸಬರಿಗೆ ಆಮಿಷ. ಆದರೆ ಎಲ್ಲವನ್ನೂ ಒಪ್ಪಿಸಿದರೆ ತಪ್ಪು ಯಾರದ್ದು ಅಂತಲೇ ತಿಳಿಯುವುದಿಲ್ಲ. ಎರಡನೆಯ ಆಟವಾಗಿ ಸರಿ, ಮೊದಲನೆಯದಾಗಿ ಬೇಡ ಅನ್ನುತ್ತೇನೆ. ಇಷ್ಟೆಲ್ಲ ಓದಿ "ಒಂದೊಂದು ಸರದಿಯಾಗಿ ನಿಧಾನ ಆಡುವಂಥದ್ದು ಬೇಕು" ಅನ್ನಿಸಿದರೆ ಸಿವಿಲೈಸೇಶನ್ ಇದೆ. ಯುದ್ಧಭೂಮಿಯನ್ನೇ ಕಣ್ಣಾರೆ ನೋಡಬೇಕಿದ್ದರೆ ಟೋಟಲ್ ವಾರ್ ಇದೆ. ಎರಡೂ ಬೇರೆ ಜಾತಿಯ ಆಟಗಳು, ಅಲ್ಲಿಂದ ಶುರು ಮಾಡುವುದರಲ್ಲಿ ನಾಚಿಕೆ ಏನಿಲ್ಲ.

ಯಾವುದನ್ನು ಆರಿಸಿದರೂ ಮೊದಲ ಸಂಜೆ ಹೀಗೆ ಮಾಡಿ. ಆಟ ತೆರೆದೊಡನೆ ಸ್ಪೇಸ್‌ಬಾರ್ ಒತ್ತಿ ಕಾಲ ನಿಲ್ಲಿಸಿ. ಕಾಲ ನಿಂತಾಗಲೂ ಎಲ್ಲ ಆಜ್ಞೆ ಕೊಡಬಹುದು ಅನ್ನುವುದೇ ಅನೇಕರಿಗೆ ಗೊತ್ತಿರುವುದಿಲ್ಲ. ಐದು ವೇಗಗಳಲ್ಲಿ ಎರಡು ಅಥವಾ ಮೂರನ್ನು ದಾಟಬೇಡಿ. ಗೊತ್ತಿಲ್ಲದ ಪ್ರತಿ ಪದದ ಮೇಲೂ ಮೌಸ್ ಇಡಿ. ಕ್ರುಸೇಡರ್ ಕಿಂಗ್ಸ್, ವಿಕ್ಟೋರಿಯಾಗಳಲ್ಲಿ ಆ ವಿವರಣೆಯ ಒಳಗಿನ ಪದಕ್ಕೂ ಇನ್ನೊಂದು ವಿವರಣೆ ತೆರೆದುಕೊಳ್ಳುತ್ತದೆ. ಐರನ್‌ಮ್ಯಾನ್ ಮೋಡ್ ಬೇಡ, ಅದರಲ್ಲಿ ಹಿಂದಿನ ಸೇವ್‌ಗೆ, ಅಂದರೆ ಉಳಿಸಿಟ್ಟ ಆಟಕ್ಕೆ, ಮರಳುವಂತಿಲ್ಲ. ಡಿಎಲ್‌ಸಿಗಳನ್ನು (ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳನ್ನು) ಈಗಲೇ ಕೊಳ್ಳಬೇಡಿ. ಮೂಲ ಆಟದಲ್ಲಿ ಏನು ಕೊರತೆ ಅಂತ ನಿಮಗೇ ಅನ್ನಿಸಿದ ಮೇಲೆ ಆ ಕೊರತೆಗೆ ತಕ್ಕದ್ದನ್ನು ಕೊಳ್ಳಿ. ಹತ್ತು ಗಂಟೆಯ ವಿಡಿಯೋ ನೋಡಿ ಶುರು ಮಾಡುತ್ತೇನೆ ಅನ್ನುವವರು ಶುರು ಮಾಡಿದ್ದನ್ನು ನಾನು ನೋಡಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಇದು ನನ್ನ ಚಟ. ಯುದ್ಧ, ಮದುವೆ, ಕಾನೂನು, ಸಾಲ, ಹೀಗೆ ದೊಡ್ಡ ನಿರ್ಧಾರ ಮಾಡಿದಾಗಲೆಲ್ಲ ಆಟದ ಇಸವಿ ಬರೆದು ಒಂದೇ ಸಾಲಿನಲ್ಲಿ ಕಾರಣ ಬರೆಯಿರಿ, ಜೊತೆಗೆ ಆ ಇಸವಿಯ ಹೆಸರಿನಲ್ಲೇ ಒಂದು ಸೇವ್ ಇಡಿ. ಏಟು ಬಿದ್ದ ದಿನ ಪುಟ ಹಿಂದಕ್ಕೆ ತಿರುಗಿಸಿ. ನನ್ನ ಬ್ರಾಂಡೆನ್‌ಬರ್ಗ್ ಪುಟದಲ್ಲಿ 1452ರ ಎದುರು "ಸುಲಭವಾಗಿ ಸಿಕ್ಕಿತು, ತೆಗೆದುಕೊಂಡೆ" ಅಂತ ಇದೆ. ಒಕ್ಕೂಟ ಬಂದ ರಾತ್ರಿ ಅದನ್ನು ಓದಿ, ಆ ವರ್ಷದ ಸೇವ್ ತೆರೆದು, ಎರಡರ ಬದಲು ಒಂದೇ ಪ್ರಾಂತ್ಯ ಕೇಳಿ ಮತ್ತೆ ಆಡಿದೆ. ಈ ಸಲ 1500 ದಾಟಿದೆ.