ಬಡ್ತಿ ಬಂದ ಮರುದಿನದಿಂದ: ನಾಯಕತ್ವ ಬೆಳೆಸಿಕೊಳ್ಳುವುದು ಹೇಗೆ?

ಲೆಕ್ಕಪತ್ರದಲ್ಲಿ ಪಳಗಿದವರು ಲೆಕ್ಕ ವಿಭಾಗದ ಮುಖ್ಯಸ್ಥರಾಗುತ್ತಾರೆ. ಚೆನ್ನಾಗಿ ಪಾಠ ಮಾಡುವವರು ಮುಖ್ಯೋಪಾಧ್ಯಾಯರಾಗುತ್ತಾರೆ. ಅಚ್ಚುಕಟ್ಟಾಗಿ ಕೋಡ್ ಬರೆಯುವ ಎಂಜಿನಿಯರ್ ಹೆಗಲಿಗೆ ಒಂದು ತಂಡದ ಹೊಣೆ ಬೀಳುತ್ತದೆ. ಆದೇಶಪತ್ರ ಕೈಗೆ ಬಂದ ದಿನ ಎಲ್ಲರೂ ಅಭಿನಂದಿಸುತ್ತಾರೆ. ಮರುದಿನದಿಂದ ಕೆಲಸದ ಸ್ವರೂಪವೇ ಬದಲಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಿನ್ನೆಯವರೆಗೆ ತಾವೇ ಮಾಡಿ ಮುಗಿಸುತ್ತಿದ್ದುದನ್ನು ಇನ್ನು ಮುಂದೆ ಬೇರೆಯವರಿಂದ ಮಾಡಿಸಬೇಕು. ಮಾಡುವುದೇ ಬೇರೆ, ಮಾಡಿಸುವುದೇ ಬೇರೆ.

ಸೇವೆಯ ವರ್ಷಗಳು ಕಳೆದಂತೆ ಮಾಡಿಸುವ ಕಲೆ ತಾನಾಗಿ ಬಂದುಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ನಿವೃತ್ತಿ ಹತ್ತಿರ ಬಂದರೂ ಕೆಳಗಿನವರ ಪತ್ರಗಳಲ್ಲಿ ಅಲ್ಪವಿರಾಮ ತಿದ್ದುತ್ತ ಕುಳಿತಿರುವ ಅಧಿಕಾರಿಗಳು ಎಲ್ಲ ಕಚೇರಿಗಳಲ್ಲೂ ಸಿಗುತ್ತಾರೆ. ಏನನ್ನು ಬಿಡಬೇಕು, ಏನನ್ನು ರೂಢಿಸಿಕೊಳ್ಳಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡವರು ಮಾತ್ರ ಹುದ್ದೆಯ ಜೊತೆ ತಾವೂ ಬೆಳೆಯುತ್ತಾರೆ. ತರಬೇತಿ ಶಿಬಿರ ಬೇಡವೆಂದಲ್ಲ. ಆದರೆ ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯೆಲ್ಲ ಇವತ್ತಿನ ಕೆಲಸದಲ್ಲೇ ಇದೆ.

ಹಂತ 1: ಬಿಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿ

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನದ ಕೆಲಸಗಳನ್ನು ಬರೆದಿಡಿ. ಸಭೆ, ಇ-ಮೇಲ್, ಕಡತ, ಫೋನ್ ಎಲ್ಲವೂ ಬರಲಿ. ನಂತರ ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ಇದು ನನ್ನಿಂದಲೇ ಆಗಬೇಕಾದದ್ದೇ, ಬೇರೆಯವರೂ ಮಾಡಬಲ್ಲದ್ದೇ, ಅಥವಾ ಬೇರೆಯವರು ಕಲಿಯಲೆಂದೇ ಬಿಟ್ಟುಕೊಡಬೇಕಾದದ್ದೇ? ಮೂರನೆಯ ಗುಂಪಿನಲ್ಲಿ ಬರುವ ಕೆಲಸಗಳು ಸಾಮಾನ್ಯವಾಗಿ ನಿಮಗೆ ತುಂಬ ಇಷ್ಟವಾದವು, ನಿಮಗೆ ಹೆಸರು ತಂದುಕೊಟ್ಟವು. ಅವನ್ನು ಬಿಡುವುದೇ ಕಷ್ಟ.

ಗೂಗಲ್ ಕಂಪನಿ ತನ್ನಲ್ಲಿನ ಉತ್ತಮ ಮ್ಯಾನೇಜರ್‌ಗಳು ಉಳಿದವರಿಗಿಂತ ಹೇಗೆ ಭಿನ್ನ ಎಂದು ತನ್ನದೇ ದತ್ತಾಂಶ ಜಾಲಾಡಿ, ಎಂಟು ಗುಣಗಳ ಪಟ್ಟಿ ಮಾಡಿತು. ಪ್ರಾಜೆಕ್ಟ್ ಆಕ್ಸಿಜನ್ ಎಂಬ ಆ ಅಧ್ಯಯನದ ವಿವರ 2011ರಲ್ಲಿ ಹೊರಗೆ ಗೊತ್ತಾಯಿತು. ಪಟ್ಟಿಯ ತುದಿಯಲ್ಲಿದ್ದದ್ದು ಕೈಕೆಳಗಿನವರನ್ನು ತರಬೇತುದಾರನಂತೆ ಬೆಳೆಸುವ ಗುಣ. ತಾಂತ್ರಿಕ ಪರಿಣತಿ ಇದ್ದದ್ದು ಎಂಟನೆಯ, ಅಂದರೆ ಕೊನೆಯ ಸ್ಥಾನದಲ್ಲಿ. ಎಂಜಿನಿಯರ್‌ಗಳ ಕಂಪನಿಯಲ್ಲೇ ಹೀಗಾದರೆ ಉಳಿದ ಕಡೆ ಕೇಳಬೇಕೆ?

ಹಂತ 2: ಒಂದು ಸಲಕ್ಕೆ ಒಂದೇ ಅಭ್ಯಾಸ

‘ಒಳ್ಳೆಯ ನಾಯಕನಾಗಬೇಕು’ ಎಂಬುದು ಗುರಿಯಲ್ಲ, ಹಾರೈಕೆ. ಬೇರೆಯವರು ಕಣ್ಣಾರೆ ಕಾಣಬಹುದಾದ ಒಂದು ನಡವಳಿಕೆಯನ್ನು ಆರಿಸಿಕೊಳ್ಳಿ. ಸಭೆಯಲ್ಲಿ ನನ್ನ ಅಭಿಪ್ರಾಯ ಕೊನೆಗೆ ಹೇಳುತ್ತೇನೆ ಎಂಬುದು ಅಂಥದ್ದು. ಮುಖ್ಯಸ್ಥರು ಮೊದಲೇ ಬಾಯಿಬಿಟ್ಟರೆ ಉಳಿದವರ ಮಾತು ಅದಕ್ಕೆ ತಲೆದೂಗುವುದರಲ್ಲೇ ಮುಗಿಯುತ್ತದೆ.

ಸಂಕಲ್ಪವನ್ನು ಬರೆಯುವ ಒಂದು ಬಗೆಯಿದೆ. ‘ಇಂಥ ಸಂದರ್ಭ ಬಂದರೆ ಹೀಗೆ ಮಾಡುತ್ತೇನೆ’ ಎಂದು ಸಂದರ್ಭವನ್ನೂ ಕ್ರಿಯೆಯನ್ನೂ ಜೋಡಿಸಿಕೊಂಡವರು, ಬರಿಯ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಅದನ್ನು ನಡೆಸಿಕೊಳ್ಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಹಾಗಾಗಿ ‘ತಾಳ್ಮೆಯಿಂದ ಇರುತ್ತೇನೆ’ ಎಂದು ಬರೆಯಬೇಡಿ. ‘ಯಾರಾದರೂ ಸಮಸ್ಯೆ ಹೇಳಲು ಬಂದರೆ, ಪರಿಹಾರ ಸೂಚಿಸುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ’ ಎಂದು ಬರೆಯಿರಿ. ಮೂರು ತಿಂಗಳು ಇದೊಂದನ್ನೇ ಹಿಡಿದುಕೊಳ್ಳಿ. ಐದಾರು ಸಂಕಲ್ಪಗಳನ್ನು ಒಟ್ಟಿಗೆ ಹೊತ್ತವರು ಎರಡನೆಯ ವಾರಕ್ಕೇ ಎಲ್ಲವನ್ನೂ ಇಳಿಸಿರುತ್ತಾರೆ.

ಹಂತ 3: ಕೆಲಸ ಒಪ್ಪಿಸುವುದನ್ನು ಕಲಿಯಿರಿ

ನನ್ನ ಮಟ್ಟಿಗೆ ನಾಯಕತ್ವದ ಅರ್ಧ ಪಾಲು ಇಲ್ಲೇ ಇದೆ. ಹೆಚ್ಚಿನವರು ಎಡವುವುದೂ ಇಲ್ಲೇ.

ಸಾಮಾನ್ಯವಾಗಿ ನಡೆಯುವುದು ಹೀಗೆ: ‘ಗ್ರಾಹಕರ ದೂರುಗಳ ಬಗ್ಗೆ ಒಂದು ವರದಿ ಮಾಡಿಕೊಡಿ, ಶುಕ್ರವಾರ ಬೇಕು’ ಎಂದು ಹೇಳಿ ಮುಖ್ಯಸ್ಥರು ಹೊರಟುಬಿಡುತ್ತಾರೆ. ಶುಕ್ರವಾರ ಸಂಜೆ ಹದಿನೈದು ಪುಟದ ವರದಿ ಮೇಜಿಗೆ ಬರುತ್ತದೆ. ಬೇಕಾಗಿದ್ದದ್ದು ಎರಡು ಪುಟ. ಸಿಟ್ಟು ಬಂದರೂ ನುಂಗಿಕೊಂಡು, ರಾತ್ರಿ ಕುಳಿತು ತಾವೇ ಬರೆದು ಮುಗಿಸುತ್ತಾರೆ. ಸೋಮವಾರ ‘ಪರವಾಗಿಲ್ಲ, ನಾನೇ ಸ್ವಲ್ಪ ಸರಿಮಾಡಿದೆ’ ಎನ್ನುತ್ತಾರೆ. ವರದಿ ಬರೆದವರು ಇದರಿಂದ ಕಲಿಯುವ ಪಾಠ ಒಂದೇ: ಹೇಗಿದ್ದರೂ ಸರ್ ತಿದ್ದುತ್ತಾರೆ, ತಲೆ ಕೆಡಿಸಿಕೊಳ್ಳುವುದೇಕೆ? ಮುಂದಿನ ವರದಿ ಇನ್ನೂ ಕಳಪೆಯಾಗಿ ಬರುತ್ತದೆ. ಆಗ ಮುಖ್ಯಸ್ಥರು ‘ನನಗೆ ಸಿಕ್ಕ ತಂಡವೇ ಸರಿಯಿಲ್ಲ’ ಎಂದು ಕೊರಗುತ್ತಾರೆ.

ಅದೇ ಕೆಲಸವನ್ನು ಹೀಗೆ ಒಪ್ಪಿಸಿ ನೋಡಿ: ‘ಈ ವರದಿ ನಿರ್ದೇಶಕರ ಸಭೆಗೆ ಹೋಗುತ್ತದೆ. ಸಹಾಯವಾಣಿಗೆ ಇನ್ನಷ್ಟು ಜನ ಬೇಕೇ ಎಂಬುದನ್ನು ಅವರು ತೀರ್ಮಾನಿಸಬೇಕು. ಓದಲು ಅವರಿಗೆ ಐದು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಯಾವ ಅಂಕಿಅಂಶ ಇರಬೇಕು ಎಂಬುದನ್ನು ನೀವೇ ನಿರ್ಧರಿಸಿ. ಬೇರೆ ವಿಭಾಗದ ಹೆಸರು ಬರುವುದಾದರೆ ಮಾತ್ರ ಮೊದಲು ನನ್ನನ್ನು ಕೇಳಿ. ಬುಧವಾರ ಬರಿಯ ರೂಪುರೇಷೆ ತನ್ನಿ, ಹತ್ತು ನಿಮಿಷ ಮಾತನಾಡೋಣ.’ ಇದರಲ್ಲಿ ಉದ್ದೇಶವಿದೆ, ಓದುಗರು ಯಾರೆಂಬುದಿದೆ, ಎಲ್ಲಿಯವರೆಗೆ ಸ್ವಾತಂತ್ರ್ಯ ಎಂಬುದಿದೆ, ನಡುವೆ ಒಂದು ತಪಾಸಣೆಯಿದೆ. ಹೇಗೆ ಬರೆಯಬೇಕು ಎಂಬುದು ಮಾತ್ರ ಇಲ್ಲ. ಅದನ್ನು ಅವರಿಗೆ ಬಿಡಬೇಕು.

ಬುಧವಾರದ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ದಾರಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ, ಶುಕ್ರವಾರ ರಾತ್ರಿಯ ಜಾಗರಣೆ ತಪ್ಪುತ್ತದೆ. ಕೊನೆಗೆ ಕೈಗೆ ಬಂದ ವರದಿ ನೀವು ಬರೆಯಬಹುದಾಗಿದ್ದಕ್ಕಿಂತ ಸ್ವಲ್ಪ ಮಂಕಾಗಿಯೇ ಇರಬಹುದು. ಕೆಲಸಕ್ಕೆ ಸಾಕು ಎನ್ನುವಂತಿದ್ದರೆ ಕಳುಹಿಸಿಬಿಡಿ. ತಿದ್ದಲೇಬೇಕಾದರೆ ಪೆನ್ನು ಅವರ ಕೈಯಲ್ಲೇ ಇರಲಿ.

ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಹೋಗಬೇಕಾದ ತುರ್ತಿನಲ್ಲಿ ಕಲಿಸುತ್ತ ಕೂರುವುದು ಮೂರ್ಖತನ. ಆಗ ನೀವೇ ಮಾಡಿ. ಏಕೆ ನೀವೇ ಮಾಡಿದಿರಿ ಎಂಬುದನ್ನು ಒಂದು ಮಾತಿನಲ್ಲಿ ತಿಳಿಸಿ.

ಹಂತ 4: ಕಹಿ ಸುದ್ದಿ ನಿಮ್ಮವರೆಗೆ ಬರುವಂತೆ ಮಾಡಿ

‘ನನ್ನ ಬಗ್ಗೆ ಏನನಿಸುತ್ತದೆ?’ ಎಂದು ಕೈಕೆಳಗಿನವರನ್ನು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: ‘ಚೆನ್ನಾಗಿದೆ ಮೇಡಂ.’ ಕೇಳುವುದಾದರೆ ಸಣ್ಣದನ್ನು ಕೇಳಿ. ‘ಇವತ್ತಿನ ಸಭೆಯಲ್ಲಿ ನಾನು ಯಾರ ಮಾತನ್ನಾದರೂ ಅರ್ಧಕ್ಕೆ ತಡೆದೆನೇ?’ ಎಂಬುದಕ್ಕೆ ಉತ್ತರ ಕೊಡುವುದು ಸುಲಭ. ‘ಮುಂದಿನ ಸಲ ಏನು ಬೇರೆ ಮಾಡಬಹುದು?’ ಎಂಬುದಕ್ಕೆ ಇನ್ನೂ ಸುಲಭ.

ಫೀಡ್‌ಬ್ಯಾಕ್ ಎಂದರೆ ಒಳ್ಳೆಯದೇ ಎಂದು ಭಾವಿಸುವಂತಿಲ್ಲ. ಕ್ಲೂಗರ್ ಮತ್ತು ಡೆನೀಸಿ ಎಂಬ ಇಬ್ಬರು ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಫೀಡ್‌ಬ್ಯಾಕಿನ ನಂತರ ಕೆಲಸದ ಗುಣಮಟ್ಟ ಇಳಿದಿತ್ತು. ಗಮನ ಕೆಲಸದಿಂದ ವ್ಯಕ್ತಿಯ ಕಡೆಗೆ ಹೊರಳಿದಷ್ಟೂ ಪ್ರಯೋಜನ ಕಡಿಮೆ ಎಂದು ಅವರು ವಿವರಿಸಿದರು. ಕೊಡುವಾಗಲೂ ಪಡೆಯುವಾಗಲೂ ಮಾತು ಕೆಲಸದ ಮೇಲಿರಲಿ.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಹಿಡಿಸಿದ್ದು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಸಿಸುತ್ತಿದ್ದರು. ಒಳ್ಳೆಯ ಮುಖ್ಯಸ್ಥರಿದ್ದ ವಾರ್ಡ್‌ಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬ ನಿರೀಕ್ಷೆ ತಲೆಕೆಳಗಾಯಿತು: ಅಲ್ಲಿ ದಾಖಲಾದ ತಪ್ಪುಗಳೇ ಹೆಚ್ಚು! ಕಾರಣ ಹುಡುಕುತ್ತ ಹೋದಾಗ ತೋರಿಬಂದದ್ದು, ಅಲ್ಲಿನ ನರ್ಸ್‌ಗಳು ತಪ್ಪಾದಾಗ ಧೈರ್ಯವಾಗಿ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ತಂಡದಿಂದ ಬಹಳ ದಿನ ಯಾವ ಕೆಟ್ಟ ಸುದ್ದಿಯೂ ಬಂದಿಲ್ಲವೆಂದರೆ ನೆಮ್ಮದಿಪಡುವ ಬದಲು ಅನುಮಾನಪಡಿ. ಮೊದಲ ಸಲ ತಪ್ಪೊಪ್ಪಿಕೊಂಡು ಬಂದವರಿಗೆ ನೀವು ಹೇಳುವ ಮೊದಲ ವಾಕ್ಯ ಸಂಜೆಯೊಳಗೆ ಇಡೀ ವಿಭಾಗಕ್ಕೆ ತಲುಪಿರುತ್ತದೆ.

ಹಂತ 5: ಕೆಲಸ ಮುಗಿದ ಮೇಲೆ ನಾಲ್ಕು ಪ್ರಶ್ನೆ

ಅಮೆರಿಕದ ಸೇನೆ 1970ರ ದಶಕದಲ್ಲಿ ತರಬೇತಿಗಾಗಿ ರೂಪಿಸಿಕೊಂಡ ಪದ್ಧತಿಯಿದು: ಏನಾಗಬೇಕಿತ್ತು? ಏನಾಯಿತು? ಏಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಹುದ್ದೆಯ ಅಂತರ ಬದಿಗಿಟ್ಟು ಎಲ್ಲರೂ ಮಾತನಾಡುತ್ತಾರೆ. ಇಪ್ಪತ್ತು ನಿಮಿಷ ಸಾಕು. ಕೆಲಸ ಕೆಟ್ಟಾಗ ಮಾತ್ರ ಇದನ್ನು ಮಾಡಿದರೆ ಜನ ವಿಚಾರಣೆಗೆ ಬಂದವರಂತೆ ಕೂರುತ್ತಾರೆ. ಗೆದ್ದಾಗಲೂ ಮಾಡಿ.

ಹಂತ 6: ಬಡ್ತಿ ಬಾರದ ವರ್ಷಗಳನ್ನು ವ್ಯರ್ಥ ಮಾಡಬೇಡಿ

ಅಮೆರಿಕದ ಸೇನಾಧಿಕಾರಿ ಡ್ವೈಟ್ ಐಸೆನ್‌ಹೋವರ್ 1920ರಲ್ಲಿ ಮೇಜರ್ ಆದವರು ಲೆಫ್ಟಿನೆಂಟ್ ಕರ್ನಲ್ ಆದದ್ದು 1936ರಲ್ಲಿ. ಆ ನಡುವೆ, 1922ರಿಂದ 1924ರವರೆಗೆ, ಪನಾಮಾದಲ್ಲಿ ಫಾಕ್ಸ್ ಕಾನರ್ ಎಂಬ ಹಿರಿಯ ಅಧಿಕಾರಿಯ ಕೈಕೆಳಗಿದ್ದರು. ಕಾನರ್ ತಮ್ಮ ಸಂಗ್ರಹದ ಪುಸ್ತಕ ಕೊಟ್ಟು ಓದಿಸುತ್ತಿದ್ದರು. ಹಳೆಯ ಯುದ್ಧಗಳಲ್ಲಿ ಸೇನಾಪತಿಗಳು ಹಾಗೇಕೆ ನಿರ್ಧರಿಸಿದರು, ಬೇರೆ ದಾರಿ ಏನಿತ್ತು ಎಂದು ಪ್ರಶ್ನೆ ಹಾಕುತ್ತಿದ್ದರು. ಠಾಣೆಯ ದಿನನಿತ್ಯದ ಕೆಲಸಕ್ಕೂ ರಣರಂಗದ ಆದೇಶದ ಶೈಲಿಯಲ್ಲೇ ಆದೇಶ ಬರೆಸುತ್ತಿದ್ದರು. 1926ರಲ್ಲಿ ಸೇನೆಯ ಉನ್ನತ ಶಾಲೆಯಿಂದ ಐಸೆನ್‌ಹೋವರ್ ಮೊದಲಿಗರಾಗಿ ಹೊರಬಂದರು. ಹದಿನೆಂಟು ವರ್ಷಗಳ ನಂತರ, ಎರಡನೆಯ ಮಹಾಯುದ್ಧದಲ್ಲಿ, ನಾರ್ಮಂಡಿಯ ದಾಳಿಗೆ ಅವರೇ ಸರ್ವೋಚ್ಚ ದಂಡನಾಯಕ.

ಎಲ್ಲರಿಗೂ ಕಾನರ್ ಸಿಗುವುದಿಲ್ಲ, ನಿಜ. ಆದರೆ ಹಿರಿಯರ ಬಳಿ ಹೋಗಿ ‘ನನಗೆ ಮಾರ್ಗದರ್ಶನ ಮಾಡಿ’ ಎಂದು ಕೇಳಿದರೆ ಅವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ‘ಕಳೆದ ವರ್ಷ ಆ ಯೋಜನೆಯನ್ನು ನಡುವೆಯೇ ನಿಲ್ಲಿಸಿದಿರಲ್ಲ ಸರ್, ಹೇಗೆ ತೀರ್ಮಾನಿಸಿದಿರಿ?’ ಎಂದು ಕೇಳಿ ನೋಡಿ. ಬಹುಪಾಲು ಜನ ಸಂತೋಷವಾಗಿಯೇ ಹೇಳುತ್ತಾರೆ. ಇದರ ಜೊತೆಗೆ ನೀವು ಮಾಡುವ ದೊಡ್ಡ ನಿರ್ಧಾರಗಳನ್ನು ದಿನಾಂಕ, ಕಾರಣ, ನಿರೀಕ್ಷೆ ಸಮೇತ ಬರೆದಿಟ್ಟು ಆರು ತಿಂಗಳ ಮೇಲೆ ತೆರೆದು ನೋಡಿ. ನೆನಪು ನಮ್ಮ ಪರವಾಗಿ ಸುಳ್ಳು ಹೇಳುತ್ತದೆ, ಬರಹ ಹೇಳುವುದಿಲ್ಲ.

ಹಂತ 7: ರಜೆ ಹಾಕಿ ಪರೀಕ್ಷಿಸಿ

ಒಂದು ವಾರ ರಜೆ ಹಾಕಿ. ನಿಮ್ಮ ಜಾಗದಲ್ಲಿ ಯಾರು ಎಂಬುದನ್ನು ಲಿಖಿತವಾಗಿ ತಿಳಿಸಿ, ಸಹಿಯ ಅಧಿಕಾರವನ್ನೂ ಕೊಟ್ಟುಹೋಗಿ. ಆ ವಾರ ಕಚೇರಿಯಿಂದ ಬಂದ ಕರೆಗಳನ್ನೆಲ್ಲ ಗುರುತು ಮಾಡಿಕೊಳ್ಳಿ. ಅವು ಎರಡೇ ಬಗೆಯಾಗಿರುತ್ತವೆ: ಮಾಹಿತಿ ಗೊತ್ತಿಲ್ಲದೆ ಮಾಡಿದವು, ಅನುಮತಿಗಾಗಿ ಮಾಡಿದವು. ಮೊದಲ ಬಗೆಯವು ಹೆಚ್ಚಿದ್ದರೆ ನಿಮ್ಮ ತಲೆಯಲ್ಲಿರುವುದನ್ನು ಬರೆದು ಎಲ್ಲರ ಕೈಗೆ ಸಿಗುವ ಕಡೆ ಇಡಿ. ಎರಡನೆಯ ಬಗೆಯವು ಹೆಚ್ಚಿದ್ದರೆ, ಯಾವ ಯಾವ ತೀರ್ಮಾನಕ್ಕೆ ನಿಮ್ಮನ್ನು ಕೇಳಬೇಕಾಗಿಲ್ಲ ಎಂಬುದನ್ನು ಮುಂದಿನ ರಜೆಗೆ ಮೊದಲೇ ತಂಡದೆದುರು ಹೇಳಿಬಿಡಿ.