ನಾನ್-ರಿಫಂಡಬಲ್ ಟಿಕೆಟ್‌ನ ಟ್ಯಾಕ್ಸ್ ವಾಪಸ್ ತಗೊಂಡಿದ್ದು: ನನ್ನ ಅನುಭವ

ವಿಮಾನದ ನಾನ್-ರಿಫಂಡಬಲ್ ಟಿಕೆಟ್ ಕ್ಯಾನ್ಸಲ್ ಆದಮೇಲೆ ಅದರ ಹಿಂದೆ ಬೀಳಬೇಡ, ಹೋದದ್ದು ಹೋಯಿತು ಅಂತ ಆಫೀಸ್ ಟಿಕೆಟ್ ಬುಕ್ ಮಾಡುವ ನಮ್ಮ ಲೈನಿನವರೆಲ್ಲ ಹೇಳುತ್ತಿದ್ದರು. ನಾನು ಬಿಡಲಿಲ್ಲ. ಕಳೆದ ವರ್ಷ ನಮ್ಮ ಸಣ್ಣ ಆಫೀಸಿನ ಟಿಕೆಟ್‌ಗಳಿಂದಲೇ ಹತ್ತಿರ ಹತ್ತಿರ 40 ಸಾವಿರ ವಾಪಸ್ ಬಂತು. ಅವತ್ತು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಯದ್ದೇ ಟಿಕೆಟ್ ರಿಫಂಡ್ ನಿಯಮ ಇದೆ. 2016ರ ಆಗಸ್ಟ್‌ನಲ್ಲಿ ಜಾರಿಗೆ ಬಂದಾಗಿನಿಂದಲೂ ಸರ್ಕಾರಿ ತೆರಿಗೆ, ಯುಡಿಎಫ್ (ವಿಮಾನ ನಿಲ್ದಾಣ ಬಳಸುವುದಕ್ಕೆ ಹಿಡಿಯುವ ಶುಲ್ಕ) ಇವೆಲ್ಲ ವಾಪಸ್ ಕೊಡಲೇಬೇಕು. ಪ್ರೊಮೋ ದರ ಆದರೂ ಅಷ್ಟೇ, ನೋ-ಶೋ (ಕ್ಯಾನ್ಸಲ್ ಮಾಡದೆ ವಿಮಾನಕ್ಕೇ ಹೋಗದಿರುವುದು) ಆದರೂ ಅಷ್ಟೇ. ರಿಫಂಡ್ ಮಾಡುವುದಕ್ಕೆ ಅಂತ ಏರ್‌ಲೈನ್ ಬೇರೆ ಚಾರ್ಜ್ ಹಾಕುವಂತಿಲ್ಲ. ಕ್ಯಾನ್ಸಲೇಷನ್ ಚಾರ್ಜು ಬೇಸ್ ಫೇರ್ (ಟ್ಯಾಕ್ಸ್, ಫೀ ಬಿಟ್ಟ ಮೂಲ ದರ) ಮತ್ತು ಫ್ಯೂಯಲ್ ಸರ್ಚಾರ್ಜ್ ಎರಡನ್ನೂ ಕೂಡಿಸಿದ್ದಕ್ಕಿಂತ ಜಾಸ್ತಿ ಇರುವಂತಿಲ್ಲ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ದುಡ್ಡು ಮಾತ್ರ ಬರುತ್ತಿರಲಿಲ್ಲ.

ಒಂದು ಟಿಕೆಟ್ ಬಿಡಿಸಿ ತೋರಿಸುತ್ತೇನೆ. ಬೆಂಗಳೂರು–ದೆಹಲಿ, ಒಟ್ಟು 4,900 ಇದ್ದಿರಬೇಕು. ಬೇಸ್ ಮತ್ತು ಫ್ಯೂಯಲ್ ಸೇರಿ 3,700ರ ಆಸುಪಾಸು, ಯುಡಿಎಫ್ 500ರ ಹತ್ತಿರ, ಸೆಕ್ಯುರಿಟಿ ಫೀ 200 ಚಿಲ್ಲರೆ, ಜಿಎಸ್‌ಟಿ 200ರ ಒಳಗೆ, ಉಳಿದದ್ದು ಕನ್ವೀನಿಯನ್ಸ್ ಫೀ. ಕ್ಯಾನ್ಸಲ್ ಒತ್ತಿದರೆ ಬುಕಿಂಗ್ ಪೋರ್ಟಲ್ ತೋರಿಸಿದ ರಿಫಂಡ್ ಬರೀ 230. ಏರ್‌ಲೈನ್ ಬೇಸ್ ಫೇರ್ ಪೂರ್ತಿ ನುಂಗಿತ್ತು, ಅದು ಅವರ ಹಕ್ಕು ಬಿಡಿ. ಅದರ ಕೆಳಗೆ ‘ರಿಫಂಡ್ ಪ್ರೊಸೆಸಿಂಗ್’ ಅಂತ ಇನ್ನೊಂದು 500. ನಮ್ಮದೇ ಟ್ಯಾಕ್ಸ್ ದುಡ್ಡನ್ನು ನಮಗೆ ಕೊಡೋಕೆ 500 ರೂಪಾಯಿ!

ಮೊದಲ ಆರು ತಿಂಗಳು ಏನೂ ಗಿಟ್ಟಲಿಲ್ಲ. ಕಾಲ್ ಸೆಂಟರಿಗೆ ಫೋನ್ ಮಾಡಿದರೆ ‘ಟಿಕೆಟ್ ನಾನ್-ರಿಫಂಡಬಲ್ ಇದೆ ಸರ್’ ಅನ್ನುವ ಒಂದೇ ಉತ್ತರ. ಪೋರ್ಟಲ್‌ನವರು ಏರ್‌ಲೈನ್ ಕೇಳಿ ಅಂದರು, ಏರ್‌ಲೈನ್‌ನವರು ಪೋರ್ಟಲ್ ಕೇಳಿ ಅಂದರು. ಒಂದು ಏರ್‌ಲೈನಿನವರು ನಮ್ಮನ್ನು ಕೇಳದೇನೇ ದುಡ್ಡನ್ನು ಕ್ರೆಡಿಟ್ ಶೆಲ್‌ಗೆ (ಮುಂದಿನ ಟಿಕೆಟ್‌ಗೆ ಅಂತ ಏರ್‌ಲೈನ್ ತನ್ನಲ್ಲೇ ಇಟ್ಟುಕೊಳ್ಳುವ ಖಾತೆ) ಹಾಕಿಬಿಟ್ಟರು, ಅದನ್ನು ಬಿಡಿಸಿಕೊಳ್ಳೋಕೆ ಇನ್ನೊಂದು ತಿಂಗಳು. ಕ್ರೆಡಿಟ್ ಶೆಲ್ ಬೇಕೋ ಬೇಡವೋ ಅನ್ನುವುದು ಪ್ರಯಾಣಿಕರಿಗೆ ಬಿಟ್ಟದ್ದು, ಅದೂ ಅದೇ ನಿಯಮದಲ್ಲೇ ಇದೆ. ಅಕೌಂಟ್ಸ್‌ನವರಂತೂ 700 ರೂಪಾಯಿಗೆ ಇಷ್ಟು ಹೊತ್ತು ಹಾಳು ಮಾಡ್ತೀಯಲ್ಲ ಅಂತ ಬಾಸ್ ಮುಂದೆಯೇ ಹೇಳಿದರು.

ದಾರಿ ಬದಲಾದದ್ದು ಫೋನ್ ಬಿಟ್ಟಮೇಲೆ. ಕ್ಯಾನ್ಸಲ್ ಮಾಡುವ ಮೊದಲೇ ಇನ್‌ವಾಯ್ಸ್ ಮತ್ತು ಫೇರ್ ಬ್ರೇಕಪ್ ಇಳಿಸಿಟ್ಟುಕೊಳ್ಳುತ್ತೇನೆ, ಆಮೇಲೆ ಎಷ್ಟೋ ಸಲ ಆ ಪುಟವೇ ಸಿಗುವುದಿಲ್ಲ. ಮೇಲ್ ನೇರ ಏರ್‌ಲೈನಿನ ನೋಡಲ್ ಆಫೀಸರ್‌ಗೆ, ಅಂದರೆ ದೂರು ನೋಡಿಕೊಳ್ಳುವ ಅಧಿಕಾರಿಗೆ. ಪಿಎನ್‌ಆರ್, ಯುಡಿಎಫ್ ಇಷ್ಟು, ಸೆಕ್ಯುರಿಟಿ ಫೀ ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು. ಕಥೆ ಹೇಳುವುದಿಲ್ಲ. ಏಜೆಂಟ್ ಮೂಲಕ ತಗೊಂಡ ಟಿಕೆಟ್ ಆದರೂ ರಿಫಂಡಿನ ಜವಾಬ್ದಾರಿ ಏರ್‌ಲೈನಿನದ್ದೇ ಅಂತ ಒಂದು ಸಾಲು. ಉತ್ತರ ಬರದಿದ್ದರೆ ಅಪೀಲು ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಆ ಮೇಲ್‌ಗಳನ್ನೆಲ್ಲ ಲಗತ್ತಿಸಿ ವಿಮಾನ ಪ್ರಯಾಣಿಕರ ದೂರಿಗಿರುವ ಸರ್ಕಾರಿ ಪೋರ್ಟಲ್ ಏರ್‌ಸೇವಾದಲ್ಲಿ ದೂರು. ಏರ್‌ಸೇವಾಗೆ ಹೋದ ಮೇಲೆ ಹೆಚ್ಚೂಕಮ್ಮಿ ಎರಡು ವಾರದಲ್ಲಿ ದುಡ್ಡು ಬಂದಿದೆ. ಮೇಲ್‌ನ ಸಬ್ಜೆಕ್ಟ್ ಲೈನ್ ಏನು, ವಾರದಲ್ಲಿ ಯಾವತ್ತು ಕಳಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲರೂ ಅದನ್ನೇ ಕಾಪಿ ಮಾಡಿದರೆ ಅದರ ಕೆಲಸ ಮುಗಿದಂತೆ.

ಜಿಎಸ್‌ಟಿಗೆ ಮಾತ್ರ ಜಗಳ ಆಡಬೇಡಿ. 2022ರ ಆಗಸ್ಟ್ 3ರ ಜಿಎಸ್‌ಟಿ ಸುತ್ತೋಲೆ ಪ್ರಕಾರ ಕ್ಯಾನ್ಸಲೇಷನ್ ಚಾರ್ಜಿಗೂ ಟಿಕೆಟ್‌ನ ದರದಲ್ಲೇ ಟ್ಯಾಕ್ಸ್ ಬೀಳುತ್ತದೆ. ಬೇಸ್ ಫೇರ್ ಪೂರ್ತಿ ಹೋದರೆ ಅದರ ಮೇಲಿನ ಶೇ 5 ಕೂಡ ಹೋಯಿತು. ಅದನ್ನೂ ಸೇರಿಸಿ ಕೇಳಿದರೆ ಅವರಿಗೆ ಇಡೀ ದೂರನ್ನು ತಳ್ಳಿಹಾಕೋಕೆ ನೆಪ ಸಿಗುತ್ತದೆ. ಕಂಪನಿ ಹೆಸರಲ್ಲಿ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದರೆ (ಟಿಕೆಟ್‌ಗೆ ಕಟ್ಟಿದ ಜಿಎಸ್‌ಟಿಯನ್ನು ಕಂಪನಿಯ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದರೆ) ಬಿಲ್ ಕಡಿಮೆಯಾದದ್ದಕ್ಕೆ ಏರ್‌ಲೈನ್ ಕೊಡುವ ಕ್ರೆಡಿಟ್ ನೋಟ್ ಕೇಳಿ ಇಟ್ಟುಕೊಳ್ಳಿ, ಆಡಿಟರ್ ಬಿಡುವುದಿಲ್ಲ.

ಇನ್ನೊಂದು ಪ್ರಯೋಗ ಮಾಡಿ ನೋಡಿದೆ. ಹುಬ್ಬಳ್ಳಿಯ ಅಗ್ಗದ ಟಿಕೆಟ್‌ಗಳಲ್ಲಿ ಕೆಲವನ್ನು ಕ್ಯಾನ್ಸಲ್ ಮಾಡಿದೆ, ಕೆಲವನ್ನು ಹಾಗೇ ನೋ-ಶೋ ಆಗಲು ಬಿಟ್ಟೆ. ಕೈಗೆ ಬಂದದ್ದು ಎರಡರಲ್ಲೂ ಹೆಚ್ಚೂಕಮ್ಮಿ ಒಂದೇ. ಆದರೆ ನೋ-ಶೋ ದುಡ್ಡು ತಾನಾಗಿ ಬರುವುದಿಲ್ಲ, ಕೇಳಿದರೆ ಮಾತ್ರ. ಕೇಳದವರ ದುಡ್ಡು ಎಷ್ಟಿರಬಹುದು, ಯೋಚನೆ ಮಾಡಿ.

ಪೋರ್ಟಲ್‌ನವರ ಸ್ವಂತ ಫೀ ಬೇರೆ ವಿಷಯ. ಬುಕ್ ಮಾಡುವಾಗಲೇ ನಾವು ಅದಕ್ಕೆ ಟಿಕ್ ಒತ್ತಿರುತ್ತೇವೆ, ಅದು ಬಂದದ್ದೇ ಅಪರೂಪ. ಅದಕ್ಕೇ ಈಗ ಎಲ್ಲ ಬುಕಿಂಗೂ ನೇರ ಏರ್‌ಲೈನ್ ಸೈಟಲ್ಲೇ. ಪೋರ್ಟಲ್‌ನ ನೂರಿನ್ನೂರು ಡಿಸ್ಕೌಂಟ್ ಹೋಗುತ್ತದೆ ನಿಜ, ಲೆಕ್ಕ ಹಾಕಿದರೆ ನಮಗೇ ಲಾಭ.

ವಿದೇಶಿ ಏರ್‌ಲೈನ್‌ಗಳಿಗೆ ಈ ಪಟ್ಟು ನಡೆಯುವುದಿಲ್ಲ, ಅವರು ಅವರವರ ದೇಶದ ನಿಯಮದಂತೆ ರಿಫಂಡ್ ಕೊಡುತ್ತಾರೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನಮ್ಮ ಭಾವ ಅಲ್ಲಿಯ ಒಂದು ಟಿಕೆಟ್ ಕ್ಯಾನ್ಸಲ್ ಮಾಡಿದಾಗ ಟ್ಯಾಕ್ಸ್‌ಗಿಂತ ಪ್ರೊಸೆಸಿಂಗ್ ಫೀಯೇ ಜಾಸ್ತಿ ಆಗಿತ್ತು. ಏರ್ ಬರ್ಲಿನ್ ಇದೇ ಥರ ತಲೆಗೆ 25 ಯೂರೋ ಹಿಡಿಯುತ್ತಿತ್ತು. ಇಂಥ ಷರತ್ತನ್ನು ಜರ್ಮನ್ ಕಾನೂನಿನ ಪ್ರಕಾರ ರದ್ದು ಮಾಡಲು ಅಡ್ಡಿ ಇಲ್ಲ ಅಂತ 2017ರ ಜುಲೈನಲ್ಲಿ ಯುರೋಪಿಯನ್ ಕೋರ್ಟ್ ಹೇಳಿತ್ತು. ಆ ತೀರ್ಪಿನ ನಂಬರ್ ಹಾಕಿ ಭಾವನ ಹತ್ತಿರ ಮೇಲ್ ಬರೆಸಿದೆ, 30 ಯೂರೋ ಚಿಲ್ಲರೆ ಬಂತು. ಈಗ ಗಲ್ಫ್ ಮೂಲಕ ಹೋಗುವ ಒಂದು ಟಿಕೆಟ್ ಕೈಯಲ್ಲಿದೆ. ಅದರಲ್ಲಿ ವೈಕ್ಯೂ ಸರ್ಚಾರ್ಜೇ ಹನ್ನೆರಡು ಸಾವಿರದ ಮೇಲೆ ಇದೆ, ಟ್ಯಾಕ್ಸ್ ಅಂತ ಕಾಣಿಸಿದರೂ ಅದು ಟ್ಯಾಕ್ಸ್ ಅಲ್ಲ, ಏರ್‌ಲೈನ್ ಜೇಬಿಗೇ ಹೋಗುವ ದುಡ್ಡು. ಅದನ್ನು ಬಿಟ್ಟು ಉಳಿದದ್ದಕ್ಕೆ ಹೋದ ವಾರ ಮೇಲ್ ಹಾಕಿದ್ದೇನೆ.